ಸಂಪಾದಕರ ಉತ್ತರ: ಅಮ್ಮನ ಚೌಕಾಸಿಗೆ ಹೆಸರಿಡುವ ಮುಂಚೆ

(ಪತ್ರದ ಸಾರ: ಬೆಂಗಳೂರಿನ ವಿಜಯನಗರದಿಂದ ಬಿ.ಎ. ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಮನಃಶಾಸ್ತ್ರ ಓದಲು ಶುರು ಮಾಡಿದ ಮೇಲೆ ಸುತ್ತಲಿನವರ ನಿರ್ಧಾರಗಳಲ್ಲೆಲ್ಲ ತಪ್ಪೇ ಕಾಣುತ್ತಿದೆಯಂತೆ. ತಾವು ಬಾರದ ಬಸ್ಸಿಗೆ ಕಾಯುವುದು, ಅಮ್ಮ ಗಾಂಧಿ ಬಜಾರಿನಲ್ಲಿ ಹೂವಿಗೆ ಚೌಕಾಸಿ ಮಾಡುವುದು, ಮಳೆ ಬಂದರೆ ಆಟೋದವರು ಮನೆಗೆ ಹೊರಡುವುದು, ಚಿಕ್ಕ ತಮ್ಮ ಸಿಇಟಿ ಆಪ್ಷನ್ ಎಂಟ್ರಿಗೆ (ಬೇಕಾದ ಕೋರ್ಸು, ಕಾಲೇಜುಗಳ ಪಟ್ಟಿ ಕೊಡುವುದಕ್ಕೆ) ಒದ್ದಾಡುವುದು, ಎಲ್ಲಕ್ಕೂ ಪುಸ್ತಕದಲ್ಲಿ ಒಂದೊಂದು ಹೆಸರು ಸಿಕ್ಕಿದೆ. ‘ಎಲ್ಲರೂ ಹೀಗೆ ಎಡವುತ್ತಿದ್ದರೆ ಸರಿಯಾದ ನಿರ್ಧಾರ ಮಾಡೋದು ಹೇಗೆ?’ ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ನಿಮ್ಮ ಪತ್ರ ಓದಿ ನಗು ಬಂತು. ಹೂವಿನವಳ ಎದುರಿಗೇ ಅಮ್ಮನಿಗೆ ‘ಇದು ಆ್ಯಂಕರಿಂಗ್’ ಅಂದಿರಂತೆ, ಅಂದರೆ ಮೊದಲು ಕೇಳಿದ ಅಂಕಿಗೇ ನಮ್ಮ ಅಂದಾಜು ಜೋತು ಬೀಳುವುದು. ಅವರು ಮುಖ ಊದಿಸಿಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ಓಟು ಅವರಿಗೇ.

ಆ ಹೆಸರಿನ ಹಿಂದಿರುವ ಪ್ರಯೋಗವನ್ನೇ ನೋಡಿ. ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1974ರಲ್ಲಿ ಅದನ್ನು ಬರೆದರು. ಅಂಕಿಗಳ ಚಕ್ರವೊಂದನ್ನು ತಿರುಗಿಸುತ್ತಿದ್ದರು. ಅದು ಒಮ್ಮೆ 10ಕ್ಕೆ, ಒಮ್ಮೆ 65ಕ್ಕೆ ನಿಲ್ಲುತ್ತಿತ್ತು. ಆಮೇಲೆ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಪ್ರಶ್ನೆ. 10 ನೋಡಿದವರು ಸುಮಾರು 25 ಅಂದರು, 65 ನೋಡಿದವರು ಸುಮಾರು 45. ಚಕ್ರಕ್ಕೂ ಆಫ್ರಿಕಾಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ಅದನ್ನು ತಪ್ಪು ಅನ್ನುತ್ತೇವೆ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನವಳು ಮೊಳಕ್ಕೆ ಹೇಳುವ ರೇಟು ಸುಮ್ನೆ ತಿರುಗಿಸಿ ಬಂದ ಅಂಕಿಯಲ್ಲ. ನಾಳೆ ಎಲ್ಲರಿಗೂ ಹೂವು ಬೇಕು ಅನ್ನುವ ಸುದ್ದಿ ಅದರಲ್ಲಿದೆ. ಅದನ್ನು ಕೇಳಿ ಅಮ್ಮ ತಮ್ಮ ಲೆಕ್ಕವನ್ನು ಒಂಚೂರು ಏರಿಸಿಕೊಂಡರೆ ಅದು ಬುದ್ಧಿವಂತಿಕೆ. ಜೊತೆಗೆ ಅವರು ನಾಲ್ಕು ಕಡೆ ವಿಚಾರಿಸಿಯೇ ಕೊಳ್ಳುತ್ತಾರೆ ಅಂತ ನೀವೇ ಬರೆದಿದ್ದೀರಿ. ಒಂದೇ ಅಂಕಿಗೆ ಜೋತು ಬೀಳದಿರಲು ನಿಮ್ಮ ಪುಸ್ತಕ ಹೇಳುವ ಉಪಾಯವೂ ಹೆಚ್ಚುಕಮ್ಮಿ ಅದೇ ಅಲ್ವಾ?

ಇನ್ನು ಬಸ್ಸು. ‘ಇಷ್ಟು ಹೊತ್ತು ಕಾದಿದ್ದೇನೆ, ಈಗ ಮೆಟ್ರೋಗೆ ಹೋದರೆ ಕಾದಿದ್ದೆಲ್ಲ ದಂಡ’ ಅನ್ನಿಸಿದರೆ ಅದು ನೀವು ಹೇಳಿದ ಸಂಕ್ ಕಾಸ್ಟ್ (ಮರಳಿ ಬಾರದ ಖರ್ಚಿಗೆ ಜೋತು ಬೀಳುವುದು) ನಿಜ. ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು 1985ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಒಂದು ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಮಾತ್ರ ರಿಯಾಯಿತಿ ಕೊಟ್ಟರು. ಪೂರ್ತಿ ದುಡ್ಡು ತೆತ್ತವರು ಸೀಸನ್ನಿನ ಮೊದಲರ್ಧದಲ್ಲಿ ಜಾಸ್ತಿ ನಾಟಕ ನೋಡಿದರು. ದುಡ್ಡು ಹೋಗಿತ್ತು, ಅದನ್ನು ವಸೂಲು ಮಾಡುವ ಹಟ ಉಳಿದಿತ್ತು. ಆದರೆ ಸ್ಟಾಪಿನಲ್ಲಿ ಕಾದ ಹೊತ್ತು ಪೂರ್ತಿ ಹಾಗಲ್ಲ. ಬಸ್ಸುಗಳು ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಬರುವ ರೂಟಾದರೆ, ಜಾಸ್ತಿ ಕಾದಷ್ಟೂ ಬಸ್ಸು ಹತ್ತಿರವಾಗಿದೆ ಅಂತ ಅರ್ಥ. ಕಾಯುವುದೇ ಸರಿ. ದಾರಿಯಲ್ಲಿ ಕೆಟ್ಟು ನಿಂತಿದ್ದರೆ ಅಥವಾ ಟ್ರಿಪ್ಪೇ ರದ್ದಾಗಿದ್ದರೆ ಕಾದಷ್ಟೂ ನಷ್ಟ. ಎರಡರಲ್ಲಿ ಯಾವುದು ಅಂತ ಮನಃಶಾಸ್ತ್ರದ ಪುಸ್ತಕ ಹೇಳಲ್ಲ. ಪಕ್ಕದಲ್ಲಿ ನಿಂತಿರುವ, ದಿನಾ ಅದೇ ಬಸ್ಸಿಗೆ ಬರುವ ಹಿರಿಯರು ಹೇಳಬಹುದು.

ಆಟೋದವರ ವಿಷಯದಲ್ಲಿ ನನಗೆ ಜಗಳವೇ ಇದೆ. ‘ಮಳೆಯಲ್ಲಿ ಗಿರಾಕಿ ಜಾಸ್ತಿ, ದಿನದ ಟಾರ್ಗೆಟ್ ಬೇಗ ಮುಟ್ಟಿ ಮನೆಗೆ ಹೋಗ್ತಾರೆ, ಅದಕ್ಕೇ ಆಟೋ ಸಿಗಲ್ಲ’ ಅಂತ ಬರೆದಿದ್ದೀರಿ. ಈ ಮಾತಿನ ಮೂಲ 1997ರ ಒಂದು ಅಧ್ಯಯನ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರು ಒಳ್ಳೆ ಕಮಾಯಿಯ ದಿನ ಬೇಗ ಕೆಲಸ ಮುಗಿಸುತ್ತಾರೆ ಎಂದು ಅದು ಹೇಳಿತು. ಬರೆದ ನಾಲ್ವರಲ್ಲಿ ಒಬ್ಬರಾದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕಥೆ ಪಠ್ಯಪುಸ್ತಕ ಸೇರಿತು. ಆದರೆ ಹೆನ್ರಿ ಫಾರ್ಬರ್ ಎಂಬ ಅರ್ಥಶಾಸ್ತ್ರಜ್ಞರು ಬಿಡಲಿಲ್ಲ. ಅದೇ ಊರಿನ ಟ್ಯಾಕ್ಸಿಗಳ ಇನ್ನೂ ದೊಡ್ಡ ಲೆಕ್ಕ ಹಿಡಿದು 2015ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಮಳೆಯಲ್ಲಿ ಗಿರಾಕಿ ಬೇಗ ಸಿಗುತ್ತಾರೆ, ಆದರೆ ಗಾಡಿ ಮುಂದೆ ಹೋಗಲ್ಲ. ಹಾಗಾಗಿ ಗಂಟೆಯ ಸಂಪಾದನೆ ಏರುವುದೇ ಇಲ್ಲ. ಟ್ಯಾಕ್ಸಿ ಕಮ್ಮಿಯಾಗುವುದಕ್ಕೆ ಟಾರ್ಗೆಟ್ ಕಾರಣವಲ್ಲ, ಮಳೆಯಲ್ಲಿ ಓಡಿಸುವುದು ತ್ರಾಸ, ಅಷ್ಟೇ. ಸಂಜೆ ಮಳೆಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಅದೂ ನಮ್ಮ ಆಟೋಗೆ ಬಾಗಿಲೂ ಇಲ್ಲ. ನೀರು ತುಂಬಿದ ಅಂಡರ್‌ಪಾಸಿನಲ್ಲಿ ಎಂಜಿನ್ ಕೆಟ್ಟರೆ ಮಾರನೇ ದಿನದ ದುಡಿಮೆಯೂ ಹೋಯಿತು. ಇಷ್ಟೆಲ್ಲ ಲೆಕ್ಕ ಹಾಕಿ ಮನೆಗೆ ಹೊರಟವರನ್ನು ‘ತಪ್ಪು ನಿರ್ಧಾರ’ ಅನ್ನುವ ಮುಂಚೆ ಸ್ಟ್ಯಾಂಡಿಗೆ ಹೋಗಿ ಕೇಳಬಹುದಿತ್ತು.

ದರ್ಶಿನಿಯ ತಿಂಡಿ ಬೋರ್ಡು ಉದ್ದ ಇದ್ದು ಆರಿಸಲಾಗದೆ ನೀವು ಯಾವಾಗಲೂ ಮಸಾಲೆ ದೋಸೆಯನ್ನೇ ತಗೊಳ್ತೀರಿ ಅಂತಲೂ ಬರೆದಿದ್ದೀರಿ. ನಿಮಗೆ ಮಸಾಲೆ ದೋಸೆ ಇಷ್ಟ, ಬಿಡಿ.

ಹಾಗಾದರೆ ಓದಿದ್ದೆಲ್ಲ ದಂಡವೇ? ಅಲ್ಲ. ಎಲ್ಲಿ ಬಳಸಬೇಕು ಅನ್ನೋದಷ್ಟೇ ಪ್ರಶ್ನೆ. ಕಾನೆಮನ್ ತಮ್ಮ ಎದುರು ಪಾಳಯದ ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಜೊತೆ ಸೇರಿ 2009ರಲ್ಲಿ ಒಂದು ಲೇಖನ ಬರೆದರು. ಕ್ಲೈನ್ ಅವರು ಅಗ್ನಿಶಾಮಕ ದಳದವರಂಥ ಅನುಭವಿಗಳ ಅಂದಾಜನ್ನು ಮೆಚ್ಚುವವರು. ಕಾನೆಮನ್ ಅನುಮಾನಿಸುತ್ತಿದ್ದವರು. ಕೊನೆಗೆ ಇಬ್ಬರೂ ಒಂದು ಮಾತಿಗೆ ಒಪ್ಪಿದರು. ಕೆಲಸದಲ್ಲಿ ಒಂದು ಕ್ರಮ ಇರಬೇಕು, ಮತ್ತೆ ಮತ್ತೆ ಮಾಡಿ ಸರಿತಪ್ಪು ತಿಳಿಯುವ ಅವಕಾಶ ಇರಬೇಕು. ಅಂಥ ಕಡೆ ಅನುಭವಿಗಳ ಅಂದಾಜನ್ನು ನಂಬಬಹುದು. ಅಮ್ಮ ವರ್ಷಗಟ್ಟಲೆ ಹೂವು ಕೊಂಡಿದ್ದಾರೆ, ಮೋಸ ಹೋದರೆ ಅವತ್ತೇ ಗೊತ್ತಾಗುತ್ತದೆ. ನಿಮ್ಮ ತಮ್ಮ ಆಪ್ಷನ್ ಎಂಟ್ರಿ ಮಾಡುತ್ತಿರುವುದು ಇದೇ ಮೊದಲು. ಆರಿಸಿದ್ದು ಸರಿಯಾಯಿತೇ ಅನ್ನುವುದು ತಿಳಿಯಲು ವರ್ಷಗಳೇ ಬೇಕು. ನಿಮ್ಮ ಓದು ಕೆಲಸಕ್ಕೆ ಬರುವುದು ಅಲ್ಲಿ.

ಅವನಿಗೆ ಹೀಗೆ ಹೇಳಿ. ಹೋದ ವರ್ಷದ ಕಟ್‌ಆಫ್ ರ‍್ಯಾಂಕ್ ನೋಡುವ ಮೊದಲೇ, ಯಾವ ಕೋರ್ಸು, ಯಾವ ಕಾಲೇಜು ನಿಜವಾಗಿ ಬೇಕು ಅಂತ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಕಟ್‌ಆಫ್ ಮೊದಲು ನೋಡಿದರೆ ಆ ಅಂಕಿಯೇ ತಲೆಯಲ್ಲಿ ಕೂತುಬಿಡುತ್ತದೆ. ನಿಮ್ಮ ಆ್ಯಂಕರಿಂಗ್ ಇಲ್ಲಿ ನಿಜವಾಗಿಯೂ ಇದೆ. ಸಿಗಲಾರದು ಅಂತ ಇಷ್ಟದ ಸೀಟನ್ನು ಕೆಳಗೆ ತಳ್ಳುವುದು ಬೇಡ. ಸೀಟು ಹಂಚುವುದು ರ‍್ಯಾಂಕಿನ ಪ್ರಕಾರ, ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ಧಕ್ಕೆಯಿಲ್ಲ. ಸೀಟು ಬಂದ ಮೇಲೆ ಅದನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದೋ, ಬಿಟ್ಟು ಹೋಗುವುದೋ ಅನ್ನುವ ಪ್ರಶ್ನೆ ಬರುತ್ತದೆ. ಆಗ ಕೈಗೆ ಬಂದದ್ದನ್ನು ಕಳೆದುಕೊಳ್ಳುವ ಭಯ ಎಲ್ಲರನ್ನೂ ಹಿಡಿಯುತ್ತದೆ. ಯಾವ ಸೀಟು ಬಂದರೆ ಏನು ಮಾಡುವುದು ಅಂತ ಫಲಿತಾಂಶಕ್ಕೆ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ. ಪಟ್ಟಿ ಮಾತ್ರ ಅವನೇ ಬರೆಯಲಿ.