ಬಯಾಪ್ಸಿ ಆದ ಮೇಲೂ ‘ಫಿಶ್’ ಪರೀಕ್ಷೆ ಏಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ರೋಣದ ಕಡೆಯವರು. ನಿಮ್ಮ ಅಣ್ಣನ ಮಗನಿಗೆ 14 ವರ್ಷ. ತೊಡೆಮೂಳೆಯ ಬಯಾಪ್ಸಿ ವರದಿಯಲ್ಲಿ ‘ಸ್ಮಾಲ್ ರೌಂಡ್ ಸೆಲ್ ಟ್ಯೂಮರ್, ಯೂಯಿಂಗ್ ಶಂಕೆ, ಇಡಬ್ಲ್ಯುಎಸ್‌ಆರ್1 ಫಿಶ್ ಮಾಡಿಸಿ’ ಎಂದು ಬರೆದಿದ್ದಾರೆ. ಯೂಯಿಂಗ್ ಎಂದರೆ ಮೂಳೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್, ಫಿಶ್ ಎಂದರೆ ಗಡ್ಡೆಯ ಕೋಶಗಳಲ್ಲಿ ಒಂದು ವಂಶವಾಹಿ ತುಂಡಾಗಿದೆಯೇ ಎಂದು ನೋಡುವ ಪರೀಕ್ಷೆ. ಕ್ಯಾನ್ಸರ್ ಎಂದು ತಿಳಿದ ಮೇಲೂ ಎರಡು ವಾರ ಕಾಯುವುದೇಕೆ, ಇದು ನಮ್ಮ ವಂಶದಿಂದ ಬಂದದ್ದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಬಯಾಪ್ಸಿ ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೇರಿಸುವ ತಂತ್ರಜ್ಞ. ಇಂಥ ತುಣುಕುಗಳು ನನ್ನ ಕೈಯ ಮೇಲೆಯೇ ಹಾದು ಹೋಗುತ್ತವೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಹುಡುಗನ ತಾಯಿ ಅದನ್ನೇ ನೆನೆದು ಕೊರಗುತ್ತಿರಬಹುದು. ಈ ಪರೀಕ್ಷೆ ಹುಡುಕುವ ಬದಲಾವಣೆ ವಂಶದಿಂದ ಬರುವುದಿಲ್ಲ. ವಂಶವಾಹಿ ಎಂಬ ಹೆಸರು ಕೇಳಿ ಹಾಗೆನಿಸುವುದು ಸಹಜ. ಆದರೆ ಅದು ಹುಟ್ಟಿದ ಮೇಲೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಬದಲಾವಣೆ, ದೇಹದ ಉಳಿದ ಕೋಶಗಳಲ್ಲಿ ಇರುವುದಿಲ್ಲ. ಆಟದಲ್ಲಿ ಬಿದ್ದದ್ದಕ್ಕೂ ಬಂದದ್ದಲ್ಲ. ಬಿದ್ದಾಗ ಎಕ್ಸ್‌ರೇ ತೆಗೆಸುತ್ತೇವೆ, ಮೊದಲೇ ಇದ್ದದ್ದು ಆಗ ಕಣ್ಣಿಗೆ ಬೀಳುತ್ತದೆ. ಯಾರ ಮೇಲೂ ತಪ್ಪು ಹೊರಿಸಬೇಡಿ.

ಏನು ಬದಲಾವಣೆ ಎಂದರೆ, ನಾನು ಬೆಟಗೇರಿಯ ನೇಕಾರರ ಮನೆಯವನು, ಮಗ್ಗದ ಮಾತಿನಲ್ಲೇ ಹೇಳುತ್ತೇನೆ. ಹಾಸಿನ ಎರಡು ಎಳೆ, ಒಂದು ಕೆಂಪು ಒಂದು ಹಸಿರು, ಒಟ್ಟಿಗೇ ಹರಿದವೆನ್ನಿ. ಗಡಿಬಿಡಿಯಲ್ಲಿ ಕೆಂಪಿನ ತುದಿಗೆ ಹಸಿರನ್ನು ಗಂಟು ಹಾಕಿದರೆ ಅಲ್ಲಿಂದ ಮುಂದೆ ಪಟ್ಟೆಯೇ ತಪ್ಪುತ್ತದೆ. ನಮ್ಮ ಪ್ರತಿ ಕೋಶದಲ್ಲಿ 46 ವರ್ಣತಂತುಗಳಿವೆ. ಯೂಯಿಂಗ್ ಸಾರ್ಕೋಮಾದಲ್ಲಿ 11ನೆಯದೂ 22ನೆಯದೂ ತುಂಡಾಗಿ, ತುದಿಗಳು ಅದಲುಬದಲಾಗಿ ಕೂಡಿಕೊಳ್ಳುತ್ತವೆ. ಆ ಗಂಟಿನಲ್ಲಿ 22ರ ಇಡಬ್ಲ್ಯುಎಸ್‌ಆರ್1 ವಂಶವಾಹಿಯ ತಲೆಗೆ 11ರ ಎಫ್‌ಎಲ್‌ಐ1 ವಂಶವಾಹಿಯ ಬಾಲ ಅಂಟುತ್ತದೆ. ದೇಹದಲ್ಲಿ ಇರಲೇಬಾರದ ಒಂದು ಪ್ರೋಟೀನು ಅದರಿಂದ ತಯಾರಾಗಿ, ನೂರಾರು ಬೇರೆ ವಂಶವಾಹಿಗಳನ್ನು ತನಗೆ ಬೇಕಾದಂತೆ ಕುಣಿಸುತ್ತದೆ. ಈ ಕಾಯಿಲೆಯ 100ರಲ್ಲಿ ಸುಮಾರು 85 ಮಂದಿಯಲ್ಲಿ ಇದೇ ಜೋಡಿ. ಸುಮಾರು 10 ಮಂದಿಯಲ್ಲಿ 21ರಲ್ಲಿರುವ ಇಆರ್‌ಜಿ ವಂಶವಾಹಿ ಅದರ ಬದಲು ಜೊತೆಯಾಗಿರುತ್ತದೆ. ಜೇಮ್ಸ್ ಯೂಯಿಂಗ್ ಈ ಗಡ್ಡೆಯ ಬಗ್ಗೆ ಬರೆದದ್ದು 1921ರಲ್ಲಿ, ಬೆಸೆದ ವಂಶವಾಹಿ ಪತ್ತೆಯಾದದ್ದು 1992ರಲ್ಲಿ.

ಬಣ್ಣ ಹಾಕಿದ ಗಾಜಿನ ಮೇಲೆ ಈ ಕೋಶಗಳು ಚೆಲ್ಲಿದ ಸಾಸಿವೆಯಂತೆ ಕಾಣುತ್ತವೆ: ಸಣ್ಣವು, ದುಂಡಗಿನವು, ನೀಲಿ. ತೊಂದರೆಯೆಂದರೆ ಲಿಂಫೋಮಾ, ನ್ಯೂರೋಬ್ಲಾಸ್ಟೋಮಾ, ರಾಬ್ಡೋಮಯೋಸಾರ್ಕೋಮಾ ಎಂಬ ಬೇರೆ ಕ್ಯಾನ್ಸರುಗಳು ಕೂಡ ಹಾಗೆಯೇ ಕಾಣುತ್ತವೆ. ಮೂಳೆಯ ಇನ್ನೊಂದು ಕ್ಯಾನ್ಸರಾದ ಆಸ್ಟಿಯೋಸಾರ್ಕೋಮಾದ ಒಂದು ಬಗೆಯೂ ಅಷ್ಟೇ. ಸಿಡಿ99 ಎಂಬ ಬಣ್ಣ ಯೂಯಿಂಗ್‌ನ ಕಡೆ ಬೆರಳು ತೋರಿಸುತ್ತದೆ, ಆದರೆ ಕೆಲವು ಲಿಂಫೋಮಾಗಳೂ ಅದನ್ನು ಹಿಡಿಯುತ್ತವೆ. ಇವುಗಳ ಚಿಕಿತ್ಸೆ ಒಂದೇ ಅಲ್ಲ. ಯೂಯಿಂಗ್ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ, ಆಸ್ಟಿಯೋಸಾರ್ಕೋಮಾ ಅಷ್ಟಾಗಿ ಬಗ್ಗುವುದಿಲ್ಲ. ಕಿಮೋ ಔಷಧಗಳ ಜೋಡಣೆಯೂ ಬೇರೆ. ಹೆಸರು ತಪ್ಪಿದರೆ ಮಗು ತಿಂಗಳುಗಟ್ಟಲೆ ತಪ್ಪು ಔಷಧ ತಾಳಿಕೊಳ್ಳಬೇಕಾಗುತ್ತದೆ.

ಫಿಶ್‌ನಲ್ಲಿ ಇಡಬ್ಲ್ಯುಎಸ್‌ಆರ್1ರ ಒಂದು ಬದಿಗೆ ಕೆಂಪಾಗಿಯೂ ಇನ್ನೊಂದು ಬದಿಗೆ ಹಸಿರಾಗಿಯೂ ಹೊಳೆಯುವ ಗುರುತು ಅಂಟಿಸುತ್ತಾರೆ. ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ನೀಲಿ ಕೋಶದೊಳಗೆ ಎರಡು ಹಳದಿ ಚುಕ್ಕೆ ಕಂಡರೆ ವಂಶವಾಹಿ ಅಖಂಡವಾಗಿದೆ, ಕೆಂಪು ಹಸಿರು ಒಂದರ ಮೇಲೊಂದು ಬಿದ್ದು ಹಳದಿಯಾಗಿವೆ. ಒಂದು ಹಳದಿ, ದೂರದಲ್ಲಿ ಒಂಟಿ ಕೆಂಪು, ಒಂಟಿ ಹಸಿರು ಕಂಡರೆ ಅಲ್ಲಿ ತುಂಡಾಗಿದೆ. ಹೀಗೆ ಕೋಶ ಕೋಶವನ್ನೂ ಎಣಿಸುತ್ತಾರೆ. ಒಂದು ಮಿತಿಯಿದೆ: ತುಂಡಾದದ್ದು ಕಾಣುತ್ತದೆ, ಯಾರ ಜೊತೆ ಗಂಟು ಬಿದ್ದಿತೆಂಬುದು ಕಾಣುವುದಿಲ್ಲ. ಇಡಬ್ಲ್ಯುಎಸ್‌ಆರ್1 ಬೇರೆ ಕೆಲವು ಗಡ್ಡೆಗಳಲ್ಲೂ ತುಂಡಾಗುತ್ತದೆ. ವರದಿ ನೆಗೆಟಿವ್ ಬಂದರೂ ಅಲ್ಲಿಗೇ ಮುಗಿಯುವುದಿಲ್ಲ. ಸಿಐಸಿ, ಬಿಸಿಓಆರ್ ಎಂಬ ಬೇರೆ ವಂಶವಾಹಿಗಳ ಬೆಸುಗೆಯ, ನೋಡಲು ಹೀಗೆಯೇ ಇರುವ ಗಡ್ಡೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಪ್ರತ್ಯೇಕವಾಗಿಯೇ ಇರಿಸಿದೆ. ಆಗ ಆರ್‌ಎನ್‌ಎ ಸೀಕ್ವೆನ್ಸಿಂಗ್, ಅಂದರೆ ಯಾವ ವಂಶವಾಹಿಗೆ ಯಾವುದು ಬೆಸೆದಿದೆ ಎಂದು ಓದುವ ಪರೀಕ್ಷೆ, ಬೇಕೇ ಎಂದು ವೈದ್ಯರನ್ನು ಕೇಳಿ.

ಇನ್ನು ನನ್ನ ಕೆಲಸದ ಒಳಮಾತು. ಮೂಳೆ ಗಟ್ಟಿ, ನೇರ ಕೊಯ್ದರೆ ಅಲಗು ಕಿರುಗುಟ್ಟಿ ಅದರ ಅಂಚು ಮುಕ್ಕಾಗುತ್ತದೆ. ಅದಕ್ಕೇ ಸುಣ್ಣದಂಶ ಕರಗಿಸಿ ಮೆತ್ತಗೆ ಮಾಡುತ್ತೇವೆ. ಪ್ರಬಲ ಆಮ್ಲದಲ್ಲಿ ಇದು ಬೇಗ ಆಗುತ್ತದೆ, ಆದರೆ ಡಿಎನ್‌ಎ, ಆರ್‌ಎನ್‌ಎ ಛಿದ್ರವಾಗುತ್ತವೆ. ಇಡಿಟಿಎ ಎಂಬ ಸೌಮ್ಯ ರಾಸಾಯನಿಕದಲ್ಲಿ ನಿಧಾನ, ಕೆಲವು ದಿನಗಳೇ ಹಿಡಿಯಬಹುದು, ಆದರೆ ಎಳೆ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೊಂದು ಕಡೆ, ಬೇಗ ಮುಗಿಯಲೆಂದು ಒಬ್ಬ ಹುಡುಗಿಯ ಇಡೀ ತುಣುಕನ್ನು ಆಮ್ಲದಲ್ಲಿ ಇರಿಸಿದ್ದೆವು. ಫಿಶ್‌ಗೆ ಕಳುಹಿಸಿದರೆ ಒಂದು ಚುಕ್ಕೆಯೂ ಹೊಳೆಯಲಿಲ್ಲ. ಆ ಮಗುವಿಗೆ ಮತ್ತೆ ಅರಿವಳಿಕೆ ಕೊಟ್ಟು ಮತ್ತೆ ಬಯಾಪ್ಸಿ ಮಾಡಬೇಕಾಯಿತು. ಅವಳ ತಂದೆ ಎರಡನೆಯ ಡಬ್ಬಿ ತಂದು ಮೇಜಿನ ಮೇಲಿಟ್ಟು ಏನೂ ಹೇಳದೆ ನಿಂತದ್ದು ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಮೂಳೆಯ ತುಣುಕು ಬಂದರೆ, ಅದರಲ್ಲಿನ ಮೆತ್ತನೆಯ ಭಾಗವನ್ನು ಮೊದಲೇ ಬೇರ್ಪಡಿಸಿ ಆಮ್ಲ ಸೋಕದಂತೆ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತೇನೆ.

ಹಾಗಾಗಿ ನೀವು ನಾಳೆಯೇ ಬಯಾಪ್ಸಿ ಮಾಡಿದ ಪ್ರಯೋಗಾಲಯದಲ್ಲಿ ಎರಡು ಮಾತು ಕೇಳಿ: ಆಮ್ಲ ಹಾಕದ ಬ್ಲಾಕ್ ಇದೆಯೇ, ಫಿಶ್‌ಗೆ ಕಳುಹಿಸುತ್ತಿರುವುದು ಅದನ್ನೇ ಏನು? ಫಿಶ್ ಮುಗಿಯುವ ತನಕ ಸುಮ್ಮನೆ ಕೂರಬೇಕಾಗಿಲ್ಲ, ಎಂಆರ್‌ಐ ಮತ್ತು ಎದೆಯ ಸಿಟಿ ಸ್ಕ್ಯಾನ್ ಅಷ್ಟರಲ್ಲಿ ಆಗಲಿ. ಊತದ ಮೇಲೆ ಎಣ್ಣೆ ಹಚ್ಚಿ ತಿಕ್ಕಿಸುವುದು ಮಾತ್ರ ಬೇಡ, ಒಳಗೆ ಸವೆದ ಮೂಳೆ ಮುರಿದೀತು. ಮುಂದೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಬ್ಲಾಕ್ ಮತ್ತು ಸ್ಲೈಡ್ ಕೇಳುತ್ತಾರೆ. ಅರ್ಜಿ ಬರೆದುಕೊಟ್ಟು ಪಡೆಯಿರಿ. ಬ್ಲಾಕ್ ಎಂದರೆ ಹೆಬ್ಬೆರಳಗಲದ ಮೇಣದ ಬಿಲ್ಲೆ, 60 ಡಿಗ್ರಿ ಹೊತ್ತಿಗೆ ಕರಗಿಬಿಡುತ್ತದೆ. ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡದೆ, ಬಟ್ಟೆಯಲ್ಲಿ ಸುತ್ತಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ.