ತೂಕ ಇಳಿದಿಲ್ಲ, ತೋಳು ಮಾತ್ರ ಸೊರಗಿದೆ

ಪ್ರಶ್ನೆ: ತಂದೆಗೆ 62 ವರ್ಷ, ಎತ್ತರ 165 ಸೆಂ.ಮೀ. ವಾರಕ್ಕೆ ಮೂರು ಸಲ ಹಿಮೋಡಯಾಲಿಸಿಸ್. ಆರು ತಿಂಗಳಿಂದ ಡ್ರೈ ವೇಟ್ (ಡಯಾಲಿಸಿಸ್‌ನಲ್ಲಿ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) 54 ಕೆ.ಜಿ.ಯಲ್ಲೇ ಇದೆ. ಕ್ರಿಯಾಟಿನಿನ್ 9ರಿಂದ 6ಕ್ಕೆ ಇಳಿದಿದೆ, ರಂಜಕ, ಪೊಟ್ಯಾಸಿಯಂ ಹತೋಟಿಯಲ್ಲಿವೆ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ 3.4 (ಗ್ರಾಂ/ಡೆಸಿಲೀಟರ್). ಆದರೆ ತೋಳು, ತೊಡೆ ಸೊರಗಿವೆ. ಊಟ ಅರ್ಧಕ್ಕೇ ಬಿಡುತ್ತಾರೆ. ಇದು ಅಪೌಷ್ಟಿಕತೆಯೇ?

ಉತ್ತರ: ಆ ಸಂಶಯ ಬಲವಾಗಿಯೇ ಇದೆ. ನೀವು ಒಳ್ಳೆಯದೆಂದು ಬರೆದಿರುವ ಅಂಕಿಗಳೇ ಅದಕ್ಕೆ ಕಾರಣ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಡಯಾಲಿಸಿಸ್ ಅವಧಿ ಹೆಚ್ಚಿಸಿಲ್ಲ, ಮೂತ್ರವೂ ಹೆಚ್ಚಿಲ್ಲ ಎಂದಾದರೆ ಇಷ್ಟು ಇಳಿಕೆಗೆ ಸ್ನಾಯು ಕರಗಿರುವುದೇ ಮೊದಲ ಅನುಮಾನ. ಊಟ ಕಡಿಮೆಯಾದರೆ ರಂಜಕ, ಪೊಟ್ಯಾಸಿಯಂ ತಾವಾಗಿಯೇ ಇಳಿಯುತ್ತವೆ.

ತೂಕವೇಕೆ ಇಳಿಯಲಿಲ್ಲ? ಕರಗಿದ ಮಾಂಸದ ಜಾಗವನ್ನು ನೀರು ತುಂಬಿರಬಹುದು. ಹಾಗಿದ್ದರೆ 54 ಎಂಬ ಡ್ರೈ ವೇಟ್ ಈಗ ತಪ್ಪು. ಅದನ್ನು ಇಳಿಸದಿದ್ದರೆ ಒಳಗುಳಿದ ನೀರು ರಕ್ತದೊತ್ತಡ ಏರಿಸುತ್ತದೆ, ಮಲಗಿದರೆ ಉಸಿರುಕಟ್ಟಿಸುತ್ತದೆ. ಇದನ್ನು ವೈದ್ಯರಿಗೆ ಮುಂದಿನ ಸರದಿಯಲ್ಲೇ ಹೇಳಿ.

ಆಲ್ಬುಮಿನ್ ಒಂದನ್ನೇ ನಂಬಬೇಡಿ. ಸೋಂಕು, ಉರಿಯೂತ, ಮೈಯಲ್ಲಿ ನಿಂತ ನೀರು ಇವೂ ಅದನ್ನು ಇಳಿಸುತ್ತವೆ; ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ನೋಡಿದರೆ ಕಾರಣ ಒಂದಿಷ್ಟು ತಿಳಿಯಾಗುತ್ತದೆ. ಅಪೌಷ್ಟಿಕತೆಯ ಅಪಾಯ ಅಳೆಯಲು ಮನೆಯಲ್ಲೇ ಹಾಕಬಹುದಾದ ಒಂದು ಲೆಕ್ಕವಿದೆ, ಹೆಸರು ಜಿಎನ್‌ಆರ್‌ಐ. ಆಲ್ಬುಮಿನ್ ಅನ್ನು 14.89ರಿಂದ ಗುಣಿಸಿ: 50.6. ಈಗಿನ ತೂಕವನ್ನು ಆದರ್ಶ ತೂಕದಿಂದ (ಮೀಟರ್‌ನಲ್ಲಿ ಎತ್ತರದ ವರ್ಗ × 22, ಇವರಿಗೆ ಸುಮಾರು 60 ಕೆ.ಜಿ.) ಭಾಗಿಸಿ 41.7ರಿಂದ ಗುಣಿಸಿ: 37.5. ಒಟ್ಟು 88. ಹಿಮೋಡಯಾಲಿಸಿಸ್‌ನವರಲ್ಲಿ 91.2ಕ್ಕಿಂತ ಕಡಿಮೆಯಿದ್ದರೆ ಅಪಾಯ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ನಿಂತ ನೀರು ತೂಕವನ್ನು ಹೆಚ್ಚಿಸಿ ತೋರಿಸುತ್ತಿದ್ದರೆ ನಿಜವಾದ ಅಂಕ ಇನ್ನೂ ಕೆಳಗೇ.

ಇದು ಜರಡಿಯಷ್ಟೇ, ರೋಗನಿರ್ಣಯವಲ್ಲ. ಡಯಟೀಷಿಯನ್ ಬಳಿ ಪೌಷ್ಟಿಕತೆ ಅಳೆಯುವ ಎಸ್‌ಜಿಎ ಅಥವಾ ಎಂಐಎಸ್ ಪರೀಕ್ಷೆ ಮಾಡಿಸಿ. ಎಂಐಎಸ್‌ನಲ್ಲಿ ತೂಕದ ಏರಿಳಿತ, ಹಸಿವು, ವಾಕರಿಕೆ, ಓಡಾಟದ ಶಕ್ತಿ, ಕೊಬ್ಬು, ಸ್ನಾಯು ಮುಂತಾದ ಹತ್ತು ಅಂಶಗಳಿಗೆ ತಲಾ 0ರಿಂದ 3 ಅಂಕ. ಒಟ್ಟು 30ರಲ್ಲಿ ಹೆಚ್ಚಾದಷ್ಟೂ ಕೆಟ್ಟದ್ದು. ತೋಳಿನ ಸುತ್ತಳತೆಯನ್ನು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಮಾಡಿದ ರಕ್ತನಾಳದ ಜೋಡಣೆ) ಇಲ್ಲದ ಕೈಯಲ್ಲಿ, ಡಯಾಲಿಸಿಸ್ ಮುಗಿದ ಮೇಲೆ ತೆಗೆಯಬೇಕು. ಮೂರು ದಿನದ ಊಟದ ಪಟ್ಟಿ ಬರೆದೊಯ್ಯಿರಿ. ಅದರಲ್ಲಿ ಒಂದು ಡಯಾಲಿಸಿಸ್ ದಿನ ಇರಲೇಬೇಕು, ಊಟ ತಪ್ಪುವುದು ಹೆಚ್ಚಾಗಿ ಅಂದೇ.

54 ಕೆ.ಜಿ.ಗೆ ದಿನಕ್ಕೆ 54–65 ಗ್ರಾಂ ಪ್ರೋಟೀನ್, 1350–1890 ಕಿಲೊಕ್ಯಾಲರಿ ಬೇಕು. ಪ್ರೋಟೀನ್ ಪುಡಿಯನ್ನು ನೀವೇ ತಂದು ಶುರುಮಾಡಬೇಡಿ. ರಕ್ತದ ಆಮ್ಲೀಯತೆ ತಿಳಿಸುವ ಬೈಕಾರ್ಬನೇಟ್ 22ಕ್ಕಿಂತ ಕಡಿಮೆಯಿದ್ದರೆ, ಡಯಾಲಿಸಿಸ್ ಸಾಲದಿದ್ದರೆ, ಮಲಬದ್ಧತೆ ಅಥವಾ ಖಿನ್ನತೆ ಇದ್ದರೆ ಮೊದಲು ಅವು ಸರಿಹೋಗಬೇಕು.

ಪ್ರಶ್ನೆ: ತಾಯಿಗೆ ಹೊಟ್ಟೆಯ ಡಯಾಲಿಸಿಸ್. ತೂಕ ಏರುತ್ತಿದೆ. ಅವರಿಗೆ ಈ ಭಯ ಇಲ್ಲ ತಾನೆ?

ಉತ್ತರ: ಇದೆ. ಹೊಟ್ಟೆಗೆ ತುಂಬುವ ಡಯಾಲಿಸಿಸ್ ದ್ರವದ ಗ್ಲೂಕೋಸ್ ಮೈಗೆ ಸೇರಿ ಕೊಬ್ಬು ಬೆಳೆಯಬಹುದು. ಅತ್ತ ಹರಿಸಿದ ದ್ರವದೊಂದಿಗೆ ದಿನಕ್ಕೆ 5–15 ಗ್ರಾಂ ಪ್ರೋಟೀನ್ ಹೊರಹೋಗುತ್ತದೆ, ಹೊಟ್ಟೆಯಲ್ಲಿ ಸೋಂಕಾದರೆ ಇನ್ನೂ ಹೆಚ್ಚು. ಹೊಟ್ಟೆಯ ದ್ರವ ಪೂರ್ತಿ ಹರಿಸಿದ ಮೇಲೆಯೇ ತೂಕ ನೋಡಿ, ಇಲ್ಲದಿದ್ದರೆ ಎರಡು ಲೀಟರ್ ದ್ರವವೇ ಎರಡು ಕೆ.ಜಿ. ಆಗಿ ಕಾಣುತ್ತದೆ.