ತಮ್ಮ ಜೈಲಲ್ಲಿದ್ದಾನೆ, ಅವನ ಮಾನಸಿಕ ಕಾಯಿಲೆ ವಿಷ್ಯ ಕೋರ್ಟಲ್ಲಿ ಹೇಳ್ಬೇಕಾ ಬೇಡ್ವಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ತಮ್ಮನಿಗೆ ಸ್ಕಿಜೋಫ್ರೇನಿಯಾ (ಇಲ್ಲದ ಮಾತು ಕೇಳುವ, ಸುಮ್ಮನೆ ಅನುಮಾನ ಹುಟ್ಟುವ ಕಾಯಿಲೆ) ಉಂಟು, ವರ್ಷಗಳಿಂದ ಮಾತ್ರೆ ತಗೊಳ್ತಾ ಇದ್ದ, ನೆರೆಮನೆಯವರ ಜೊತೆ ಗಲಾಟೆ ಆಗಿ ಒಬ್ಬರಿಗೆ ಪೆಟ್ಟಾಯ್ತು, ಈಗ ಅವನು ಮಂಗಳೂರಿನ ಕೊಡಿಯಾಲಬೈಲ್ ಜೈಲಲ್ಲಿದ್ದಾನೆ, ಕಾಯಿಲೆ ವಿಷ್ಯ ಬಾಯಿಬಿಟ್ರೆ ಬೇಲ್ ಸಿಗುದಿಲ್ಲ ಅಂತ ಯಾರೋ ಹೆದರಿಸಿದ್ದಾರೆ, ಮನೆಯಲ್ಲಿ ತಂಗಿ ಮದುವೆ ಮಾತುಕತೆ ಬೇರೆ ನಡೀತಾ ಉಂಟು, ಹೇಳ್ಬೇಕಾ ಬೇಡ್ವಾ ಅಂತ ಕೇಳಿದ್ದೀರಿ. ಹೇಳ್ಬೇಕು. ನಾಳೆಯೇ ಹೇಳ್ಬೇಕು, ಅದೂ ಬರಹದಲ್ಲಿ.

ನಾನು ಲಾಯರ್ ಅಲ್ಲ. ಮಂಗಳೂರಲ್ಲಿ ಮನೋರೋಗ ವಿಭಾಗದಲ್ಲಿ ಸೋಶಿಯಲ್ ವರ್ಕರ್ ಆಗಿ ಕೆಲಸ ಮಾಡಿದವಳು, ಇಂಥ ಕೇಸುಗಳಲ್ಲಿ ಮನೆಯವರ ಜೊತೆ ಕೋರ್ಟಿಗೂ ಜೈಲ್ ಗೇಟಿಗೂ ಹೋಗಿ ಅಭ್ಯಾಸ ಉಂಟು. ಅದರಿಂದ ಗೊತ್ತಾದದ್ದನ್ನು ಬರೀತೇನೆ, ಕೇಸಿನ ತೀರ್ಮಾನ ಮಾತ್ರ ನಿಮ್ಮ ವಕೀಲರ ಜೊತೆ ಕೂತು ಮಾಡಿ.

ಮೊದಲು ಮಾತ್ರೆ ವಿಷ್ಯ, ಯಾಕಂದ್ರೆ ಬೇಲು, ಕೇಸು ಎಲ್ಲ ವಾರಗಟ್ಟಲೆ ಎಳೀತದೆ, ಮಾತ್ರೆ ಅಷ್ಟು ದಿನ ಕಾಯುದಿಲ್ಲ. ಜೈಲಿಗೆ ಹೋದ ದಿನ ಅಲ್ಲಿ ಮೆಡಿಕಲ್ ತಪಾಸಣೆ ಮಾಡ್ತಾರೆ, ಬಿಪಿ ಶುಗರ್ ಉಂಟಾ ಅಂತ ಕೇಳ್ತಾರೆ, ಹಳೆ ಗಾಯ ನೋಡ್ತಾರೆ, ಆದ್ರೆ ಹೆದರಿ ಮರಗಟ್ಟಿ ನಿಂತ ಹುಡುಗ ತಾನಾಗಿ "ನನಗೆ ಕಿವಿಯಲ್ಲಿ ಮಾತು ಕೇಳ್ತದೆ" ಅಂತ ಹೇಳ್ತಾನಾ ಮಾರಾಯ್ರೆ? ಹೇಳುದಿಲ್ಲ. ಸುಮ್ಮನೆ ನಿಲ್ತಾನೆ, ಎಲ್ಲ ಸರಿ ಉಂಟು ಅಂತ ಬರ್ಕೊಳ್ತಾರೆ. ಮನೆಯವರೂ ಹೇಳದಿದ್ರೆ ಅಲ್ಲಿನ ಡಾಕ್ಟರಿಗೆ ಗೊತ್ತಾಗ್ಲಿಕ್ಕೆ ದಾರಿಯೇ ಇಲ್ಲ. ನಾಲ್ಕೈದು ದಿನದಲ್ಲಿ ನಿದ್ದೆ ಹೋಗ್ತದೆ, ಆಮೇಲೆ ಅನುಮಾನ ಶುರುವಾಗ್ತದೆ, ಊಟದಲ್ಲಿ ಏನೋ ಹಾಕಿದ್ದಾರೆ ಅಂತ ಊಟ ಬಿಡ್ತಾನೆ, ಪಕ್ಕದಲ್ಲಿ ಮಲಗಿದವನ ಮೇಲೆ ಕೈ ಎತ್ತುತ್ತಾನೆ, ಅಲ್ಲಿಗೆ ಇನ್ನೊಂದು ಕೇಸು. ನಾಟಕ ಮಾಡ್ತಾನೆ ಅಂತ ಎಲ್ಲರೂ ಹೇಳ್ಲಿಕ್ಕೆ ಶುರು ಮಾಡುದೂ ಆವಾಗಲೇ.

ಅವನು ತಗೊಳ್ಳುವ ಮಾತ್ರೆ ಯಾವುದು ಅಂತ ನೀವು ಬರೀಲಿಲ್ಲ. ಕ್ಲೋಜಪಿನ್ ಆಗಿದ್ರೆ ಇವತ್ತೇ ಓಡಿ. ಅದು ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ರೆ ಮತ್ತೆ ಹಳೆ ಡೋಸ್ ಒಮ್ಮೆಲೇ ಕೊಡುವ ಹಾಗಿಲ್ಲ, ಸಣ್ಣ ಡೋಸಿಂದ ಮೇಲೆ ತರ್ಬೇಕು, ಮತ್ತೆ ರಕ್ತ ಪರೀಕ್ಷೆಯೂ ತಪ್ಪದೆ ಆಗ್ಬೇಕು, ಇದು ಜೈಲಿನ ಡಾಕ್ಟರಿಗೆ ಗೊತ್ತಿರ್ಲೇಬೇಕು. ಇದನ್ನು ಓದುವ ಬೇರೆಯವರಲ್ಲಿ ಯಾರದ್ದಾದ್ರೂ ಮನೆಯವರು ಲಿಥಿಯಂ (ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಮಾತ್ರೆ) ತಗೊಳ್ತಿದ್ರೆ, ನಮ್ಮ ಕರಾವಳಿ ಸೆಕೆಯಲ್ಲಿ ಬೆವರಿ ನೀರು ಕಡಿಮೆಯಾದ್ರೆ ಅದು ಮೈಯಲ್ಲಿ ವಿಷದ ಮಟ್ಟಕ್ಕೆ ಏರ್ಲಿಕ್ಕೂ ಸಾಕು, ಅದನ್ನೂ ಬರೆದು ಕೊಡಿ. ದಿನಾ ಕುಡಿಯುವ ಅಭ್ಯಾಸ ಇದ್ದವರು ಒಳಗೆ ಹೋದ್ರೆ ಅದನ್ನೂ ಮುಚ್ಚಿಡಬೇಡಿ, ಕೊನೆ ಸಲ ಕುಡಿದು ಎರಡು ಮೂರು ದಿನದಲ್ಲಿ ಕೈ ನಡುಗಿ, ಇಲ್ಲದ್ದೆಲ್ಲ ಕಂಡು, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗುದುಂಟು, ಅದಕ್ಕೆ ಸರಿಯಾದ ಮದ್ದುಂಟು, ಹೇಳಿದ್ರೆ ಮಾತ್ರ ಸಿಗ್ತದೆ.

ಹಾಗಾಗಿ ನಾಳೆ ಬೆಳಿಗ್ಗೆ ನೀವು ಮಾಡುವ ಕೆಲಸ, ಅವನು ತೋರಿಸ್ತಿದ್ದ ಆಸ್ಪತ್ರೆಗೆ ಹೋಗಿ, ಅದು ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ ಇರ್ಲಿ, ಪ್ರೈವೇಟ್ ಮೆಡಿಕಲ್ ಕಾಲೇಜ್ ಇರ್ಲಿ, ಹಳೆ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಮತ್ತೆ ಡಾಕ್ಟರ ಹತ್ತಿರ ಲೆಟರ್‌ಹೆಡ್ಡಲ್ಲಿ ಒಂದು ಪತ್ರ. ಕಾಯಿಲೆ ಹೆಸರು, ಎಷ್ಟು ವರ್ಷದಿಂದ, ಈಗಿನ ಮಾತ್ರೆ ಮತ್ತು ಡೋಸ್, ನಿಲ್ಲಿಸಿದ್ರೆ ಎಂತ ಆಗ್ತದೆ, ಹಿಂದೆ ಯಾವತ್ತಾದ್ರೂ ಜೀವ ತೆಗೆದುಕೊಳ್ಳುವ ಪ್ರಯತ್ನ ಮಾಡಿದ್ನಾ, ಇಷ್ಟು ಅದರಲ್ಲಿ ಇರ್ಲಿ. ಆ ಕೊನೆಯದ್ದು ಬರೆಸ್ಲಿಕ್ಕೆ ಮನೆಯವರಿಗೆ ಮನಸ್ಸು ಬರುದಿಲ್ಲ, ನನಗೆ ಗೊತ್ತುಂಟು, ಆದ್ರೂ ಬರೆಸಿ. ಜೈಲಿಗೆ ಹೋದ ಮೊದಲ ದಿನಗಳಲ್ಲಿ ಆ ಅಪಾಯ ಎಲ್ಲಕ್ಕಿಂತ ಹೆಚ್ಚು, ಬೇಲ್ ರಿಜೆಕ್ಟ್ ಆದ ದಿನ, ಮನೆಯಿಂದ ಕೆಟ್ಟ ಸುದ್ದಿ ಬಂದ ದಿನವೂ ಹಾಗೆಯೇ. ಪತ್ರದಲ್ಲಿದ್ರೆ ಅವನನ್ನು ಒಬ್ಬನೇ ಇಡಬಾರದು ಅಂತ ಜೈಲಿನವರು ಎಚ್ಚರ ತಗೊಳ್ಳಬಹುದು. ದಾಖಲೆ ಕೊಡ್ಲಿಕ್ಕೆ ಆಗುದಿಲ್ಲ ಅಂತ ಯಾರಾದ್ರೂ ಹೇಳಿದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 25 ಅಂತ ಹೇಳಿ, ತನ್ನ ವೈದ್ಯಕೀಯ ದಾಖಲೆ ನೋಡುವ ಹಕ್ಕು ರೋಗಿಗೆ ಉಂಟು, ಅವನ ಸಹಿ ಬೇಕಾದ್ರೆ ವಕೀಲರು ಜೈಲಿಗೆ ಹೋದಾಗ ತರಬಹುದು.

ಆ ಪತ್ರದ ಒಂದು ಪ್ರತಿ ಜೈಲು ಸೂಪರಿಂಟೆಂಡೆಂಟರಿಗೆ, ಒಂದು ಅಲ್ಲಿನ ವೈದ್ಯಾಧಿಕಾರಿಗೆ, ಎರಡಕ್ಕೂ ಸೀಲ್ ಹಾಕಿಸಿ ಸ್ವೀಕೃತಿ ತಗೊಳ್ಳಿ. ಮನೆಯಿಂದ ಮಾತ್ರೆ ಪೊಟ್ಟಣ ಕಟ್ಟಿಕೊಂಡು ಗೇಟಲ್ಲಿ ಕೊಟ್ಟು ಬಂದ್ರೆ ಅದು ಅವನ ಕೈಗೆ ಸೇರ್ತದೆ ಅಂತ ನಂಬಬೇಡಿ, ಒಳಗಿನ ಡಾಕ್ಟರ್ ಬರೆದ್ರೆ ಮಾತ್ರ ಅದು ಮದ್ದು. ಮೂರನೇ ಪ್ರತಿ ನಿಮ್ಮ ವಕೀಲರ ಮೂಲಕ ಕೋರ್ಟಿಗೆ, ಚಿಕಿತ್ಸೆ ಮುಂದುವರಿಸ್ಲಿಕ್ಕೆ ಮತ್ತು ಮನೋವೈದ್ಯರಿಂದ ಪರೀಕ್ಷೆ ಮಾಡಿಸ್ಲಿಕ್ಕೆ ಆದೇಶ ಕೊಡಿ ಅಂತ ಒಂದು ಅರ್ಜಿ ಜೊತೆ. ಜಡ್ಜ್ ಆದೇಶ ಇದ್ರೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಎಸ್ಕಾರ್ಟಿಗೆ (ಜೊತೆಗೆ ಕಾವಲಿಗೆ) ಪೊಲೀಸ್ ಇಲ್ಲ, ಗಾಡಿ ಇಲ್ಲ ಅಂತ ಮುಂದೆ ಹಾಕುದು ಕಡಿಮೆಯಾಗ್ತದೆ, ನಾನು ನೋಡಿದ ಹಾಗೆ ಅರ್ಧ ತೊಂದರೆ ಈ ಎಸ್ಕಾರ್ಟ್ ಜಾಗದಲ್ಲೇ. ಆಸ್ಪತ್ರೆಗೆ ಕರ್ಕೊಂಡು ಬಂದ ದಿನ ಡಾಕ್ಟರ ಹತ್ತಿರ ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಇವನಿಗೆ ಆಗ್ತದಾ ಅಂತ ಕೇಳಿ, ದಿನಾ ಮಾತ್ರೆ ಕೊಟ್ರಾ ನುಂಗಿದ್ನಾ ಅಂತ ಯೋಚನೆ ಮಾಡುವುದಾದ್ರೂ ತಪ್ತದೆ.

ಈಗ ನಿಮ್ಮ ಹೆದರಿಕೆಗೆ ಬರ್ತೇನೆ, ಹೇಳಿದ್ರೆ ಬೇಲ್ ಸಿಗುದಿಲ್ಲ ಅನ್ನುದು. ಕಾನೂನಲ್ಲಿ ಇರುದು ಹೆಚ್ಚುಕಡಿಮೆ ಉಲ್ಟಾ. 2024ರ ಜುಲೈ 1ರಿಂದ ಬಂದ ಹೊಸ ಬಿಎನ್ಎಸ್ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು) 369ನೇ ಸೆಕ್ಷನ್ ಉಂಟು, ಅದರ ಹಿಂದಿನ ಹಳೆ ಸಿಆರ್‌ಪಿಸಿಯಲ್ಲಿ ಅದೇ 330 ಇತ್ತು. ಕಾಯಿಲೆಯಿಂದಾಗಿ ಆರೋಪಿಗೆ ತನ್ನ ಪರ ವಾದ ನಡೆಸ್ಲಿಕ್ಕೆ ಆಗುದಿಲ್ಲ ಅಂತ ಕೋರ್ಟಿಗೆ ಕಂಡುಬಂದ್ರೆ, ಕೇಸು ಬೇಲ್ ಸಿಗುವಂಥದ್ದೋ ಅಲ್ಲವೋ ಅನ್ನುದನ್ನು ನೋಡದೆ ಕೂಡ ಬೇಲ್ ಮೇಲೆ ಬಿಡಬಹುದು, ಆದ್ರೆ ಅವನಿಗೆ ಅಡ್ಮಿಟ್ ಮಾಡಿಯೇ ಚಿಕಿತ್ಸೆ ಬೇಕಾಗಿರಬಾರದು, ಮತ್ತೆ ಮನೆಯವರೋ ಸ್ನೇಹಿತರೋ ಒಬ್ಬರು ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ತೋರಿಸ್ತೇವೆ, ಅವನು ತನಗೂ ಬೇರೆಯವರಿಗೂ ಅಪಾಯ ಮಾಡದ ಹಾಗೆ ನೋಡ್ಕೊಳ್ತೇವೆ ಅಂತ ಬರೆದು ಕೊಡಬೇಕು. ಆ ಒಬ್ಬರು ನೀವೇ ಆಗಬಹುದು. ಪರೀಕ್ಷೆಗೆ ಕೋರ್ಟು ಸರ್ಕಾರಿ ಡಾಕ್ಟರಿಗೆ ಕಳಿಸ್ತದೆ, ಅವರು ಮನೋವೈದ್ಯರಿಗೋ ಕ್ಲಿನಿಕಲ್ ಸೈಕಾಲಜಿಸ್ಟಿಗೋ ಕಳಿಸ್ತಾರೆ, ಅವರ ವರದಿ ಒಪ್ಪಿಗೆ ಇಲ್ಲದಿದ್ರೆ ಮೆಡಿಕಲ್ ಬೋರ್ಡಿಗೆ ಅಪೀಲು ಉಂಟು.

ಇಲ್ಲಿ ಜನ ಎರಡು ಮೂರು ವಿಷ್ಯ ಒಟ್ಟಿಗೆ ಕಲಸಿ ಹೆದರ್ತಾರೆ. ಘಟನೆ ಆದ ಹೊತ್ತಿಗೆ ತಾನು ಮಾಡ್ತಿರುದು ಎಂತ, ಅದು ತಪ್ಪು ಅಂತ ತಿಳಿಯುವ ಸ್ಥಿತಿಯಲ್ಲಿ ಇರ್ಲಿಲ್ಲ ಅನ್ನುವ ವಾದ ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ, ಅಪರಾಧ ಮತ್ತು ಶಿಕ್ಷೆಯ ಕಾನೂನು) ಸೆಕ್ಷನ್ 22, ಹಳೆ ಐಪಿಸಿ 84, ಅದನ್ನು ಸಾಬೀತು ಮಾಡುದು ಬಹಳ ಕಷ್ಟ, ಸ್ಕಿಜೋಫ್ರೇನಿಯಾ ಅಂತ ಚೀಟಿ ಇದ್ದ ಮಾತ್ರಕ್ಕೆ ಅದು ಸಿಗುದಿಲ್ಲ, ಆ ವಾದ ಎತ್ತುದಾ ಬೇಡ್ವಾ ಅಂತ ವಕೀಲರು ಆಮೇಲೆ ಯೋಚನೆ ಮಾಡ್ಲಿ. ಈಗ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿದ್ದಾನಾ ಅನ್ನುದು ಬೇರೆ ಪ್ರಶ್ನೆ, ಮೇಲೆ ಹೇಳಿದ 369 ಅದಕ್ಕೆ ಸೇರಿದ್ದು. ಈ ಎರಡರಲ್ಲಿ ಏನೇ ತೀರ್ಮಾನ ಆದ್ರೂ ಮದ್ದು ಸಿಗುವ ಹಕ್ಕು ಅವನಿಗೆ ಇದ್ದೇ ಉಂಟು, ಅದಕ್ಕೆ ಯಾವ ವಾದವೂ ಗೆಲ್ಲಬೇಕಾಗಿಲ್ಲ. ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಸೆಕ್ಷನ್ ಪೂರ್ತಿ ಕೈದಿಗಳ ಚಿಕಿತ್ಸೆ ಬಗ್ಗೆಯೇ ಇರುದು, ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ಆಸ್ಪತ್ರೆಯಲ್ಲಿ ಮನೋಚಿಕಿತ್ಸೆಯ ವ್ಯವಸ್ಥೆ ಇರ್ಬೇಕು ಅಂತ ಅದರಲ್ಲಿ ಉಂಟು. ಒಂದು ಜೈಲು ಸಾಕಾ ಅಂತ ನನಗೆ ಯಾವತ್ತೂ ಸಂಕಟ ಆಗ್ತದೆ, ಕೊಡಿಯಾಲಬೈಲಿನ ಹುಡುಗನಿಗೂ ಹಿರಿಯಡ್ಕದಲ್ಲಿರುವ ಉಡುಪಿ ಜೈಲಿನ ಹುಡುಗನಿಗೂ ಬೇರೆ ಊರಿನ ವಾರ್ಡ್ ಎಂತ ಉಪಕಾರ, ಇಷ್ಟು ಮೆಡಿಕಲ್ ಕಾಲೇಜ್ ಇರುವ ನಮ್ಮ ಎರಡು ಜಿಲ್ಲೆಗಳಲ್ಲಿ ವಾರಕ್ಕೊಮ್ಮೆ ಒಬ್ಬ ಮನೋವೈದ್ಯರು ಒಳಗೆ ಹೋಗಿ ಕೂತು ನೋಡುವುದು ದೊಡ್ಡ ಮಾತೇನಲ್ಲ, ಆಗ್ಲೇಬೇಕು.

ಅವನು ಸ್ಟೇಷನಲ್ಲಿ ಎಲ್ಲ ಒಪ್ಪಿಕೊಂಡಿದ್ದಾನಂತೆ ಅಂತಲೂ ಬರೆದಿದ್ದೀರಿ. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ನಮ್ಮಲ್ಲಿ ಆರೋಪಿ ವಿರುದ್ಧ ಸಾಕ್ಷ್ಯವಾಗಿ ತಗೊಳ್ಳುವ ಹಾಗಿಲ್ಲ, ಆದ್ರೂ ಅವನ ಸ್ಥಿತಿ ವಕೀಲರಿಗೆ ಗೊತ್ತಿರ್ಲಿ, ಯಾಕಂದ್ರೆ ಗದರಿಸಿ ಕೇಳಿದ್ರೆ ಸಾಕು ಎಲ್ಲದಕ್ಕೂ ಹೌದು ಹೌದು ಅನ್ನುವವರು ಇಂಥ ಕಾಯಿಲೆ ಇದ್ದವರಲ್ಲಿ ಬಹಳ. ಲಂಡನ್ನಿನಲ್ಲಿ 1972ರಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಅನ್ನುವವರ ಕೊಲೆ ಕೇಸಲ್ಲಿ ಮೂವರು ಹುಡುಗರು ತಪ್ಪೊಪ್ಪಿಕೊಂಡಿದ್ರು, ಒಬ್ಬನಿಗೆ ಬುದ್ಧಿ ಬೆಳವಣಿಗೆ ಕಡಿಮೆ, 1975ರಲ್ಲಿ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಆಮೇಲೆ ಅಲ್ಲಿ 1984ರ ಕಾನೂನಿನ ಜೊತೆ ಬಂದ ನಿಯಮದಲ್ಲಿ, ಇಂಥವರನ್ನು ವಿಚಾರಿಸುವಾಗ ಪೊಲೀಸರಲ್ಲದ ಒಬ್ಬ ದೊಡ್ಡವರು ಪಕ್ಕದಲ್ಲಿ ಕೂರ್ಲೇಬೇಕು ಅಂತಾಯ್ತು. ನಮ್ಮಲ್ಲಿ ಹಾಗೆ ಪಕ್ಕದಲ್ಲಿ ಕೂರುವ ವ್ಯವಸ್ಥೆ ಬರ್ಬೇಕು ಅಂತ ನನಗೆ ತುಂಬ ಅನಿಸ್ತದೆ.

ಇನ್ನು ತಂಗಿ ಮದುವೆ. ಬಂಟ್ವಾಳ ಕಡೆಯ ಒಂದು ಮನೆಯವರು ಇದೇ ಕಾರಣಕ್ಕೆ ಬಾಯಿ ಮುಚ್ಚಿ ಕೂತಿದ್ರು, ಮಗ ಕುಡಿದು ಗಲಾಟೆ ಮಾಡಿದ ಅಂತಲೇ ವಕೀಲರಿಗೂ ಹೇಳಿದ್ರು, ದೈವದ ಹತ್ತಿರ ಹರಕೆ ಹೇಳಿ ಆಯ್ತು, ಸರಿ, ಅದು ಅವರ ನಂಬಿಕೆ, ಅದಕ್ಕೆ ನಾನು ಯಾವತ್ತೂ ಅಡ್ಡ ಬರುದಿಲ್ಲ, ಆದ್ರೆ ಚೀಟಿ ಮಾತ್ರ ಕಪಾಟಿನಿಂದ ಹೊರಗೆ ಬರ್ಲಿಲ್ಲ. ಕಡೆಗೆ ಆ ಹುಡುಗ ಕೋರ್ಟಲ್ಲಿ ನಿಂತು ಜಡ್ಜ್ ಎದುರೇ ಗೋಡೆ ಜೊತೆ ಮಾತಾಡ್ಲಿಕ್ಕೆ ಶುರು ಮಾಡಿದ, ಹಾಲಲ್ಲಿ ಇದ್ದವರೆಲ್ಲ ನೋಡಿದ್ರು. ಮುಚ್ಚಿಟ್ಟದ್ದು ಮುಚ್ಚಿ ಉಳಿಯುದಿಲ್ಲ, ಅಷ್ಟು ದಿನ ಮದ್ದಿಲ್ಲದೆ ಅವನು ಪಟ್ಟ ಪಾಡು ಮಾತ್ರ ಹೆಚ್ಚಾಯ್ತು. ನೀವು ಹೇಳ್ಬೇಕಾದ್ದು ವಕೀಲರಿಗೆ, ಡಾಕ್ಟರಿಗೆ, ಕೋರ್ಟಿಗೆ, ಊರಿಗೆಲ್ಲ ಅಲ್ಲ. ನಿಮ್ಮದೊಂದೇ ಮನೆ ಅಂತಲೂ ಅಂದ್ಕೊಳ್ಬೇಡಿ, ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಲ್ಲಿ ನಿಮ್ಹಾನ್ಸ್‌ನವರು ಐದು ಸಾವಿರ ಕೈದಿಗಳನ್ನು ನೋಡಿ 2011ರಲ್ಲಿ ವರದಿ ಕೊಟ್ಟಿದ್ರು, ಕುಡಿತ, ನಶೆಯ ಲೆಕ್ಕ ಬಿಟ್ಟು ಕೂಡ ಶೇಕಡ 27.6 ಜನಕ್ಕೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು.

ಒಂದು ಎಚ್ಚರ ಮಾತ್ರ ಹೇಳ್ಲೇಬೇಕು. ವಿಚಾರಣೆಗೆ ಅಸಮರ್ಥ ಅಂತ ವರದಿ ಬಂದು ಆಸ್ಪತ್ರೆಗೆ ಕಳಿಸಿದ್ರೆ ಅಲ್ಲಿಗೆ ಮುಗೀತು ಅಂತ ಸುಮ್ಮನಾಗಬೇಡಿ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅನ್ನುವವರನ್ನು 1951ರಲ್ಲಿ ಹಿಡಿದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹಾಕಿದ್ರು, ಹುಷಾರಾದ ಮೇಲೂ ಮನೆಗೆ ಬಿಡ್ಲಿಲ್ಲ, ವಿಚಾರಣೆಯೂ ನಡೀಲಿಲ್ಲ, ಹೊರಗೆ ಬಂದದ್ದು 2005ರಲ್ಲಿ, ಒಂದು ರೂಪಾಯಿ ಬಾಂಡ್ ಮೇಲೆ. 54 ವರ್ಷ. ಅವರ ಪರವಾಗಿ ಕೇಳುವವರು ಯಾರೂ ಇರ್ಲಿಲ್ಲ. ನೀವು ಪ್ರತಿ ವಾಯಿದೆ ದಿನ ಬರ್ಕೊಳ್ಳಿ, ಡಾಕ್ಟರ ವರದಿ ಕೋರ್ಟಿಗೆ ತಲುಪಿತಾ ಅಂತ ವಕೀಲರನ್ನು ಕೇಳ್ತಾ ಇರಿ, ಕೇಳಿ ಕೇಳಿ ಅವರಿಗೆ ಬೇಜಾರಾದ್ರೂ ತೊಂದರೆ ಇಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತಾದ್ರೆ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು, ಕಸ್ಟಡಿಯಲ್ಲಿ ಇದ್ದವರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರೆ, ಫೋನ್ 15100. ಭೇಟಿಗೆ ಹೋದಾಗ ಅವನ ಹತ್ತಿರ ಕೇಸಿನ ಮಾತು ಕಡಿಮೆ ಮಾಡಿ, ನಿದ್ದೆ ಬರ್ತದಾ, ಊಟ ಮಾಡ್ತಿಯಾ, ಮಾತ್ರೆ ಯಾರು ಕೊಡ್ತಾರೆ, ಯಾರಾದ್ರೂ ಹೊಡೀತಾರಾ, ಇದನ್ನು ಕೇಳಿ, ಉತ್ತರ ಸರಿ ಕಾಣದಿದ್ರೆ ಅವತ್ತೇ ವಕೀಲರಿಗೆ ಹೇಳಿ. ಅಮ್ಮ ರಾತ್ರಿಯಿಡೀ ಕೂತಿರ್ತಾರೆ ಅಂತ ಬರೆದಿದ್ರಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಅವರಿಂದಲೇ ಒಂದು ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಸಿಗ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ. ಮಾತ್ರೆ ಹೆಸರು ಮತ್ತು ಮುಂದಿನ ವಾಯಿದೆ ಯಾವಾಗ ಅಂತ ಕೆಳಗೆ ಬರೀರಿ, ತಮ್ಮನ ಹೆಸರು, ಕೇಸ್ ನಂಬರ್ ಹಾಕ್ಬೇಡಿ. ಡಾಕ್ಟರ ಹತ್ತಿರ ಪತ್ರ ಕೇಳ್ಲಿಕ್ಕೆ ಒಂದು ಅರ್ಜಿಯ ಮಾದರಿ ಇವತ್ತು ರಾತ್ರಿಯೇ ಬರೆದು ಹಾಕ್ತೇನೆ.